ಕಾಣದ್ದನ್ನು ತೂಗುವ ಬಗೆ: ನೆರೆಯ ಗ್ಯಾಲಕ್ಸಿಗಳ ಕೃಷ್ಣವಿವರಗಳು

‘ಬ್ಲ್ಯಾಕ್ ಹೋಲ್’ ಎಂಬುದಕ್ಕೆ ಕನ್ನಡದಲ್ಲಿ ಕಪ್ಪುಕುಳಿ, ಕಪ್ಪುರಂಧ್ರ, ಕೃಷ್ಣವಿವರ ಎಂಬ ರೂಪಗಳು ಬಳಕೆಯಲ್ಲಿವೆ. ಅವುಗಳಲ್ಲಿ ಕಪ್ಪುಕುಳಿ ಅಚ್ಚಗನ್ನಡದ ಪದ, ಕೇಳಿದೊಡನೆ ಅರ್ಥವಾಗುವಂಥದು. ಆದರೂ ಈ ಲೇಖನದಲ್ಲಿ ಕೃಷ್ಣವಿವರ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ಸಂಸ್ಕೃತದಲ್ಲಿ ‘ವಿವರ’ವೆಂದರೆ ಬಿಲ, ರಂಧ್ರ, ಕನ್ನಡದ ನಿತ್ಯದ ಬಳಕೆಯಲ್ಲಿ ‘ವಿವರ’ವೆಂದರೆ ಒಂದು ವಸ್ತುವನ್ನು ಕುರಿತ ಬಿಡಿಬಿಡಿ ಸಂಗತಿ. ಎರಡಕ್ಕೂ ಮೂಲ ತೆರೆಯುವುದು, ಬಿಚ್ಚುವುದು ಎಂಬ ಅರ್ಥದ ಒಂದೇ ಧಾತು. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಇಲ್ಲೊಂದು ಸೊಗಸಾದ ವಿರೋಧಾಭಾಸವಿದೆ. ಜಗತ್ತಿನ ಸಮಸ್ತ ವಸ್ತುಗಳಲ್ಲಿ ಅತ್ಯಂತ ಕಡಿಮೆ ವಿವರಗಳುಳ್ಳದ್ದು ಈ ಕೃಷ್ಣವಿವರವೇ. ಅದರೊಳಗೆ ಬಿದ್ದದ್ದು ನಕ್ಷತ್ರವೋ ಧೂಳೋ ಅನಿಲವೋ ಎಂಬುದು ಹೊರಗಿನಿಂದ ನೋಡುವವರಿಗೆ ಎಂದೆಂದಿಗೂ ತಿಳಿಯದು. ಅದರ ದ್ರವ್ಯರಾಶಿ, ಅದರ ಆವರ್ತನೆ, ಅದರ ವಿದ್ಯುದಂಶ ಈ ಮೂರನ್ನು ಹೇಳಿಬಿಟ್ಟರೆ ಅದನ್ನು ಕುರಿತು ಹೇಳುವುದು ಮತ್ತೇನೂ ಉಳಿಯುವುದಿಲ್ಲ. ಆಕಾಶದಲ್ಲಿರುವ ಕೃಷ್ಣವಿವರಗಳ ವಿದ್ಯುದಂಶ ಗಣನೆಗೆ ಬರುವಷ್ಟಿರುವುದಿಲ್ಲ. ಆವರ್ತನೆಯನ್ನು ಅಳೆಯುವುದು ಬಹಳ ಕಷ್ಟ. ಹೀಗಾಗಿ ಕೃಷ್ಣವಿವರವೊಂದನ್ನು ಅರಿತೆವು ಎನ್ನುವುದರ ಬಹುಪಾಲು ಅರ್ಥ ಅದರ ದ್ರವ್ಯರಾಶಿಯನ್ನು ಅರಿತೆವು ಎಂದೇ ಆಗಿದೆ.

ಕೃಷ್ಣವಿವರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಭಾರಿ ನಕ್ಷತ್ರವೊಂದು ಇಂಧನ ತೀರಿ ಕುಸಿದಾಗ ಉಳಿಯುವಂಥವು ಒಂದು ಬಗೆ. ಅವುಗಳ ದ್ರವ್ಯರಾಶಿ ಸೂರ್ಯನ ಕೆಲವು ಪಟ್ಟಿನಿಂದ ಕೆಲವು ಹತ್ತುಪಟ್ಟಿನವರೆಗೆ ಇರುತ್ತದೆ. ಇನ್ನೊಂದು ಬಗೆಯವು ಗ್ಯಾಲಕ್ಸಿಗಳ ನಟ್ಟನಡುವೆ ನೆಲೆಸಿರುವ ದೈತ್ಯಗಳು. ಅವುಗಳನ್ನು ಲಕ್ಷ, ಕೋಟಿ ಸೂರ್ಯರ ಲೆಕ್ಕದಲ್ಲಿಯೇ ಹೇಳಬೇಕು. ಈ ಎರಡನೆಯ ಬಗೆಯವನ್ನು, ಅದರಲ್ಲಿಯೂ ನಮ್ಮ ನೆರೆಯ ಗ್ಯಾಲಕ್ಸಿಗಳಲ್ಲಿ ಇರುವಂಥವನ್ನು, ತೂಗುವ ಬಗೆ ಯಾವುದು ಎಂಬುದಷ್ಟೇ ಇಲ್ಲಿನ ವಿಷಯ. ‘ನೆರೆಯ’ ಎಂಬ ಮಾತನ್ನು ಖಗೋಳವಿಜ್ಞಾನದ ಔದಾರ್ಯದಿಂದ ಗ್ರಹಿಸಬೇಕು: ಇಲ್ಲಿ ಬರುವ ಅತಿ ಸಮೀಪದ ಅನ್ಯ ಗ್ಯಾಲಕ್ಸಿಯ ದೂರ 25 ಲಕ್ಷ ಜ್ಯೋತಿರ್ವರ್ಷ.

ತೂಗುವ ತತ್ತ್ವವು ಕೃಷ್ಣವಿವರ ಎಂಬ ಹೆಸರಿಗಿಂತ ಹಳೆಯದು. ಇಂಗ್ಲೆಂಡಿನ ಯಾರ್ಕ್‌ಷೈರಿನ ಥಾರ್ನ್‌ಹಿಲ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಜಾನ್ ಮಿಚೆಲ್ 1783ರಲ್ಲಿ ತನ್ನ ಸ್ನೇಹಿತ ಹೆನ್ರಿ ಕ್ಯಾವೆಂಡಿಶ್‌ಗೆ ಬರೆದು ಕಳುಹಿಸಿದ ಪ್ರಬಂಧವೊಂದರಲ್ಲಿ, ಬೆಳಕೂ ಹೊರಬರಲಾಗದಷ್ಟು ಭಾರವಾದ ನಕ್ಷತ್ರಗಳು ಇರಬಹುದೆಂದು ಊಹಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಒಂದು ಚತುರವಾದ ಕಲ್ಪನೆ ಮಾತ್ರ ಆಗುತ್ತಿತ್ತು. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟು, ಇಂಥ ಕಾಣದ ಕಾಯದ ಸುತ್ತ ಬೆಳಗುವ ಕಾಯವೊಂದು ತಿರುಗುತ್ತಿದ್ದರೆ ಆ ತಿರುಗಾಟದಿಂದಲೇ ನಡುವಿನ ಕಾಯದ ಇರವನ್ನು ಅನುಮಾನಿಸಬಹುದು ಎಂದೂ ಸೂಚಿಸಿದ. ಇಂದು ನಡೆಯುತ್ತಿರುವುದೆಲ್ಲ ಈ ಒಂದು ಸೂಚನೆಯ ವಿಸ್ತರಣೆಯೇ. ಭೂಮಿಯನ್ನೇ ತೂಗುವ ತಿರುಚು ತಕ್ಕಡಿಯ ಯೋಜನೆಯನ್ನು ರೂಪಿಸಿದವನೂ ಇದೇ ಮಿಚೆಲ್. ಅವನು ತೀರಿಕೊಂಡ ಮೇಲೆ 1798ರಲ್ಲಿ ಅದನ್ನು ಬಳಸಿ ಭೂಮಿಯ ಸಾಂದ್ರತೆಯನ್ನು ಕಂಡುಹಿಡಿದವನು ಕ್ಯಾವೆಂಡಿಶ್. ಭೌತವಿಜ್ಞಾನದ ಚರಿತ್ರೆಯಲ್ಲಿ ಮಿಚೆಲ್‌ಗೆ ಸಲ್ಲಬೇಕಾದ ಸ್ಥಾನ ಇನ್ನೂ ಪೂರ್ತಿ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಮಿಚೆಲ್ ಹೇಳಿದ ಬಗೆಯ ಅತ್ಯಂತ ಶುದ್ಧವಾದ ಉದಾಹರಣೆ ನಮ್ಮ ಆಕಾಶಗಂಗೆಯ ಕೇಂದ್ರದಲ್ಲಿಯೇ ಇದೆ. ಧನುರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ ಆ ಕೇಂದ್ರವಿದೆ. ನಡುವಿನ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ಪೂರ್ತಿಯಾಗಿ ತಡೆಯುತ್ತದೆ; ಆದರೆ ಅವಕೆಂಪು ಕಿರಣಗಳು ದಾಟಿಬರುತ್ತವೆ. 1990ರ ದಶಕದ ಮೊದಲ ಭಾಗದಿಂದ ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿ ದೇಶದ ದೂರದರ್ಶಕಗಳಿಂದಲೂ, ಆಂಡ್ರಿಯಾ ಗೆಜ್ ಅವರ ತಂಡ ಹವಾಯಿಯ ಕೆಕ್ ದೂರದರ್ಶಕದಿಂದಲೂ ಅಲ್ಲಿನ ನಕ್ಷತ್ರಗಳನ್ನು ಒಂದೊಂದಾಗಿ ಗುರುತಿಟ್ಟುಕೊಂಡು ವರ್ಷವರ್ಷವೂ ಅವುಗಳ ಸ್ಥಾನವನ್ನು ಬರೆದುಕೊಳ್ಳುತ್ತ ಬಂದರು. ಅವುಗಳಲ್ಲಿ ‘ಎಸ್2’ ಎಂಬ ಹೆಸರಿನ ನಕ್ಷತ್ರ 16 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. 2002ರಲ್ಲಿ ಒಮ್ಮೆ, 2018ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅದು ಕೇಂದ್ರಕ್ಕೆ ಅತಿ ಸಮೀಪವಾಗಿ ಹಾದುಹೋಯಿತು. ಆಗ ಅದರ ವೇಗ ಸೆಕೆಂಡಿಗೆ 7,000 ಕಿಲೋಮೀಟರನ್ನು ಮೀರಿತ್ತು.

ಇಲ್ಲಿಂದ ಮುಂದಿನ ಲೆಕ್ಕ ಪ್ರೌಢಶಾಲೆಯ ವಿದ್ಯಾರ್ಥಿಗೂ ಎಟುಕುವಂಥದು. ಭೂಮಿ–ಸೂರ್ಯರ ನಡುವಿನ ದೂರವನ್ನು ಒಂದು ಮಾನವೆಂದು ಇಟ್ಟುಕೊಂಡು, ಕಕ್ಷೆಯ ಅರ್ಧ ದೀರ್ಘಾಕ್ಷದ ಘನವನ್ನು ಸುತ್ತುವ ಕಾಲದ (ವರ್ಷಗಳಲ್ಲಿ) ವರ್ಗದಿಂದ ಭಾಗಿಸಿದರೆ ನಡುವಿನ ಕಾಯದ ದ್ರವ್ಯರಾಶಿ ಸೂರ್ಯನ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ಇದು ಕೆಪ್ಲರನ ಮೂರನೆಯ ನಿಯಮ. ಭೂಮಿಯ ವಿಷಯದಲ್ಲಿ ಒಂದನ್ನು ಒಂದರಿಂದ ಭಾಗಿಸಿದಂತೆ. ಎಸ್2ರ ಅರ್ಧ ದೀರ್ಘಾಕ್ಷ ಸುಮಾರು 1,030 ಮಾನ. 1,030ರ ಘನ ಸುಮಾರು 109 ಕೋಟಿ. ಅದನ್ನು 16ರ ವರ್ಗವಾದ 256ರಿಂದ ಭಾಗಿಸಿದರೆ ಬರುವುದು 43 ಲಕ್ಷ. ಆಕಾಶಗಂಗೆಯ ನಡುವಿನ ಕೃಷ್ಣವಿವರದ ದ್ರವ್ಯರಾಶಿ ಅಷ್ಟು: 43 ಲಕ್ಷ ಸೂರ್ಯರು. ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರ ಭೌತವಿಜ್ಞಾನದ ನೊಬೆಲ್ ಬಹುಮಾನದ ಅರ್ಧಭಾಗ ಸಂದದ್ದು ಇದಕ್ಕಾಗಿ. ಲೆಕ್ಕ ಒಂದು ಸಾಲಿನದು, ಅದಕ್ಕೆ ಬೇಕಾದ ಎರಡು ಸಂಖ್ಯೆಗಳನ್ನು ಪಡೆಯಲು ಕಾಲು ಶತಮಾನ ಹಿಡಿಯಿತು.

ಅನ್ಯ ಗ್ಯಾಲಕ್ಸಿಗಳಿಗೆ ಬಂದಾಗ ಈ ನೇರದಾರಿ ಮುಚ್ಚಿಹೋಗುತ್ತದೆ. ಅಲ್ಲಿ ಕೇಂದ್ರದ ಬಳಿ ಒಂಟಿ ನಕ್ಷತ್ರವನ್ನು ಬಿಡಿಸಿ ನೋಡುವುದು ಸಾಧ್ಯವಿಲ್ಲ; ಲಕ್ಷಾಂತರ ನಕ್ಷತ್ರಗಳ ಬೆಳಕು ಬೆರೆತು ಒಂದು ಮಸುಕಾದ ಹೊಳಪಾಗಿ ಕಾಣುತ್ತದೆ. ಆದರೂ ಅಲ್ಲಿ ಏನೋ ಇರಬೇಕೆಂಬ ಶಂಕೆ ಬಲವಾಗಿಯೇ ಇತ್ತು. 1963ರಲ್ಲಿ ಮಾರ್ಟೆನ್ ಶ್ಮಿಟ್ ಅವರು ‘3ಸಿ 273’ ಎಂಬ ಕ್ವೇಸಾರಿನ ರೋಹಿತವನ್ನು ಓದಿ, ನಕ್ಷತ್ರದಂತೆ ತೋರುವ ಆ ಬಿಂದು ಇನ್ನೂರು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆಯೆಂದು ತೋರಿಸಿದರು. ಅಷ್ಟು ದೂರದಿಂದ ಅಷ್ಟು ಬೆಳಗಬೇಕಾದರೆ ಅದು ಇಡೀ ಗ್ಯಾಲಕ್ಸಿಯನ್ನು ಮೀರಿಸುವ ಕಾಂತಿಯದಾಗಿರಬೇಕು. ಕೃಷ್ಣವಿವರದತ್ತ ಸುರುಳಿಸುತ್ತಿ ಬೀಳುವ ಅನಿಲ ಕಾಯ್ದು ಹೊರಸೂಸುವ ಬೆಳಕಲ್ಲದೆ ಇದಕ್ಕೆ ಬೇರೆ ಸಮರ್ಪಕವಾದ ಕಾರಣ ಸಿಗಲಿಲ್ಲ. ಪ್ರಾಚೀನ ವಿಶ್ವದಲ್ಲಿ ಕ್ವೇಸಾರುಗಳು ಹೇರಳ. ಇಂದು ನಮ್ಮ ಸುತ್ತ ಅವು ಇಲ್ಲವೆನ್ನುವಷ್ಟು ವಿರಳ. ಹಾಗಾದರೆ ಆರಿಹೋದ ಕ್ವೇಸಾರುಗಳು ಎಲ್ಲಿ ಹೋದವು? ನೆರೆಯ ಸಾಧಾರಣ ಗ್ಯಾಲಕ್ಸಿಗಳ ಗರ್ಭದಲ್ಲಿಯೇ, ಉಣಿಸಿಲ್ಲದೆ ಮಲಗಿವೆ ಎಂದು ಡೊನಾಲ್ಡ್ ಲಿಂಡನ್-ಬೆಲ್ 1969ರಲ್ಲಿ ವಾದಿಸಿದರು. ಆ ವಾದ ನಿಜವೋ ಸುಳ್ಳೋ ತಿಳಿಯಬೇಕಾದರೆ ಮಲಗಿರುವವುಗಳನ್ನು ತೂಗಲೇಬೇಕಿತ್ತು.

ತೂಗಲು ಎಷ್ಟು ಸೂಕ್ಷ್ಮವಾಗಿ ನೋಡಬೇಕು ಎಂಬುದನ್ನು ಇಲ್ಲಿ ವಿವೇಚಿಸಬೇಕು. ಕೃಷ್ಣವಿವರವೆಂದರೆ ಸುತ್ತಲಿನದನ್ನೆಲ್ಲ ಹೀರಿಕೊಳ್ಳುವ ಸುಳಿ ಎಂಬುದು ಜನಪ್ರಿಯ ಕಲ್ಪನೆ. ವಾಸ್ತವವಾಗಿ ಅದರ ಗುರುತ್ವಾಕರ್ಷಣದ ಒಡೆತನ ನಡೆಯುವುದು ಗ್ಯಾಲಕ್ಸಿಯ ನಡುವಿನ ಒಂದು ಸಣ್ಣ ಪ್ರದೇಶದಲ್ಲಿ ಮಾತ್ರ. ಅದರಿಂದಾಚೆಗೆ ನಕ್ಷತ್ರಗಳ ಚಲನೆಯನ್ನು ನಿರ್ಧರಿಸುವುದು ಉಳಿದ ನಕ್ಷತ್ರಗಳ ಒಟ್ಟು ಸೆಳೆತವೇ. ಈ ಪ್ರದೇಶವನ್ನು ‘ಪ್ರಭಾವವಲಯ’ವೆನ್ನೋಣ. ನಮ್ಮ ಪಕ್ಕದ ದೇವಯಾನಿ ಗ್ಯಾಲಕ್ಸಿಯಲ್ಲಿ ಅದರ ತ್ರಿಜ್ಯ ಸುಮಾರು 75 ಜ್ಯೋತಿರ್ವರ್ಷ. ನಮ್ಮ ಆಕಾಶದಲ್ಲಿ ಅದು ಸುಮಾರು 6 ವಿಕಲೆಯಷ್ಟು ಕೋನವನ್ನು ಆವರಿಸುತ್ತದೆ. ಒಂದು ಅಂಶದಲ್ಲಿ 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ ಎಂಬುದು ನಮ್ಮ ಪಂಚಾಂಗದ ಲೆಕ್ಕವೂ ಹೌದು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಐದು ಕಿಲೋಮೀಟರ್ ದೂರದಿಂದ ನೋಡಿದರೆ ಅದು ಒಂದು ವಿಕಲೆ. ನೆಲದ ಮೇಲಿನ ದೂರದರ್ಶಕದಲ್ಲಿ ವಾಯುಮಂಡಲದ ಕಂಪನದಿಂದ ಬಿಂಬ ಸುಮಾರು ಒಂದು ವಿಕಲೆಯಷ್ಟು ಹರಡಿಕೊಳ್ಳುತ್ತದೆ. ದೇವಯಾನಿಯ ಮಟ್ಟಿಗೆ ಇದು ತೊಡಕಲ್ಲ. ಅದಕ್ಕಿಂತ ದೂರ ಹೋದಂತೆ ಬಹುಪಾಲು ಗ್ಯಾಲಕ್ಸಿಗಳ ಪ್ರಭಾವವಲಯ ಒಂದು ವಿಕಲೆಯ ಒಳಗೆ ಕುಗ್ಗಿಹೋಗುತ್ತದೆ. ಈ ಕ್ಷೇತ್ರದ ಇತಿಹಾಸವೆಂದರೆ ಬಹುಮಟ್ಟಿಗೆ ಆ ಒಂದು ವಿಕಲೆಯ ಗೋಡೆಯನ್ನು ದಾಟುವ ಪ್ರಯತ್ನಗಳ ಇತಿಹಾಸ.

ಬೆರೆತ ಬೆಳಕಿನಿಂದ ಚಲನೆಯನ್ನು ಓದುವ ಸಾಧನ ಡಾಪ್ಲರ್ ಪರಿಣಾಮ. ನಮ್ಮತ್ತ ಬರುವ ನಕ್ಷತ್ರದ ರೋಹಿತರೇಖೆ ನೀಲಿಯ ಕಡೆಗೂ ದೂರ ಸರಿಯುವುದರ ರೇಖೆ ಕೆಂಪಿನ ಕಡೆಗೂ ಜಾರುತ್ತದೆ. ಲಕ್ಷಾಂತರ ನಕ್ಷತ್ರಗಳು ಹಿಂದಕ್ಕೂ ಮುಂದಕ್ಕೂ ಧಾವಿಸುತ್ತಿದ್ದರೆ ಒಟ್ಟು ರೋಹಿತದಲ್ಲಿ ಆ ರೇಖೆ ಎರಡೂ ಕಡೆಗೆ ಹರಡಿ ಅಗಲವಾಗುತ್ತದೆ. ಕೇಂದ್ರವನ್ನು ಸಮೀಪಿಸಿದಂತೆ ರೇಖೆಯ ಅಗಲ ಥಟ್ಟನೆ ಹೆಚ್ಚಿದರೆ ಅಲ್ಲಿ ನಕ್ಷತ್ರಗಳ ವೇಗ ಹೆಚ್ಚಿದೆ ಎಂದರ್ಥ. ವೇಗ ಹೆಚ್ಚಿದ್ದರೆ ಅವುಗಳನ್ನು ಹಿಡಿದಿಟ್ಟಿರುವ ದ್ರವ್ಯರಾಶಿಯೂ ಹೆಚ್ಚಿರಬೇಕು. ಕನ್ಯಾರಾಶಿಯ ದೈತ್ಯ ಗ್ಯಾಲಕ್ಸಿ ‘ಎಂ 87’ರಲ್ಲಿ ವ್ಯಾಲೆಸ್ ಸಾರ್ಜೆಂಟ್, ಪೀಟರ್ ಯಂಗ್ ಮತ್ತು ಅವರ ಜೊತೆಗಾರರು 1978ರಲ್ಲಿ ಇಂಥ ಏರಿಕೆಯನ್ನು ಕಂಡು, ನಡುವೆ ಸುಮಾರು 500 ಕೋಟಿ ಸೂರ್ಯರಷ್ಟು ಕಾಣದ ದ್ರವ್ಯವಿದೆಯೆಂದು ಪ್ರಕಟಿಸಿದರು.

ಆಕ್ಷೇಪ ಬರಲು ತಡವಾಗಲಿಲ್ಲ. ಆಕ್ಷೇಪವೂ ಸಾಧುವಾದದ್ದೇ ಆಗಿತ್ತು. ಡಾಪ್ಲರ್ ಪರಿಣಾಮ ತೋರುವುದು ನಮ್ಮ ದೃಷ್ಟಿರೇಖೆಯುದ್ದಕ್ಕೂ ಇರುವ ವೇಗವನ್ನು ಮಾತ್ರ, ಅಡ್ಡವೇಗವನ್ನಲ್ಲ. ನಕ್ಷತ್ರಗಳು ದುಂಡನೆಯ ಕಕ್ಷೆಗಳಲ್ಲಿ ಸುತ್ತದೆ, ಹೊರಗಿನಿಂದ ಕೇಂದ್ರಕ್ಕೆ ಧಾವಿಸಿ ಮತ್ತೆ ಹೊರಕ್ಕೆ ಚಿಮ್ಮುವ ಉದ್ದುದ್ದನೆಯ ಕಕ್ಷೆಗಳಲ್ಲಿ ಚಲಿಸುತ್ತಿದ್ದರೆ, ಕೇಂದ್ರದ ಬಳಿ ಅವುಗಳ ವೇಗ ಕೃಷ್ಣವಿವರವೇ ಇಲ್ಲದಿದ್ದರೂ ಹೆಚ್ಚಾಗಿ ತೋರಬಲ್ಲದು. ಎಂ 87ರ ಅಳತೆಗಳನ್ನು ಕೃಷ್ಣವಿವರವಿಲ್ಲದೆಯೂ ಸಮರ್ಥಿಸಬಹುದೆಂದು 1982ರಲ್ಲಿ ಗಣಿತದಿಂದಲೇ ತೋರಿಸಲಾಯಿತು. ತೂಗುವವನ ತಕ್ಕಡಿಯಲ್ಲಿಯೇ ಹುಳುಕಿದೆ ಎಂಬಂಥ ಟೀಕೆ ಇದು.

ಇದಕ್ಕೆ ಪರಿಹಾರವನ್ನು ಒದಗಿಸಿದ್ದು ಮೂಲತಃ ಬೇರೊಂದು ಉದ್ದೇಶಕ್ಕಾಗಿ 1979ರಲ್ಲಿ ಮಾರ್ಟಿನ್ ಶ್ವಾರ್ಜ್‌ಶಿಲ್ಡ್ ರೂಪಿಸಿದ ಒಂದು ವಿಧಾನ. ಮೊದಲು ಒಂದು ದ್ರವ್ಯರಾಶಿಯ ಹಂಚಿಕೆಯನ್ನು ಊಹಿಸಿಕೊಳ್ಳಬೇಕು: ಇಷ್ಟು ನಕ್ಷತ್ರಗಳು, ನಡುವೆ ಇಷ್ಟು ಭಾರದ ಕೃಷ್ಣವಿವರ ಎಂದು. ಆ ಗುರುತ್ವಾಕರ್ಷಣದಲ್ಲಿ ಸಾಧ್ಯವಾಗುವ ಸಾವಿರಾರು ಬಗೆಯ ಕಕ್ಷೆಗಳನ್ನು ಗಣಕದಲ್ಲಿ ಲೆಕ್ಕಹಾಕಬೇಕು. ಬಳಿಕ ಯಾವ ಕಕ್ಷೆಯಲ್ಲಿ ಎಷ್ಟು ನಕ್ಷತ್ರಗಳನ್ನು ಇಟ್ಟರೆ ದೂರದರ್ಶಕ ಕಂಡ ಬೆಳಕಿನ ಹಂಚಿಕೆಯೂ ರೋಹಿತರೇಖೆಗಳ ಆಕಾರವೂ ಹೊಂದುತ್ತವೆ ಎಂದು ನೋಡಬೇಕು. ಹೊಂದದಿದ್ದರೆ ಕೃಷ್ಣವಿವರದ ಭಾರವನ್ನು ಬದಲಿಸಿ ಮತ್ತೆ ಮೊದಲಿನಿಂದ. ಕಕ್ಷೆಗಳು ದುಂಡಗೋ ಉದ್ದವೋ ಎಂಬುದನ್ನು ಇಲ್ಲಿ ಮೊದಲೇ ಊಹಿಸಬೇಕಾಗಿಲ್ಲ. ರೇಖೆಯ ಅಗಲವಷ್ಟೇ ಅಲ್ಲದೆ ಅದರ ಆಕಾರದ ಸೂಕ್ಷ್ಮಗಳೂ ಅದನ್ನು ತೀರ್ಮಾನಿಸುತ್ತವೆ. ಮಾರ್ಟಿನ್ ಅವರ ತಂದೆ ಕಾರ್ಲ್ ಶ್ವಾರ್ಜ್‌ಶಿಲ್ಡ್. ಮೊದಲ ಮಹಾಯುದ್ಧದಲ್ಲಿ ರಷ್ಯದ ಗಡಿಯಲ್ಲಿ ಜರ್ಮನಿಯ ಸೇನೆಯಲ್ಲಿದ್ದುಕೊಂಡೇ ಐನ್‌ಸ್ಟೈನರ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರವನ್ನು ಕಂಡು 1916ರಲ್ಲಿ ಪ್ರಕಟಿಸಿದವರು, ಕೃಷ್ಣವಿವರದ ಗಣಿತಕ್ಕೆ ಅಡಿಪಾಯ ಹಾಕಿದವರು ಅವರೇ. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಕಾಯಿಲೆಯಿಂದ ತೀರಿಕೊಂಡಾಗ ಮಗನಿಗೆ ನಾಲ್ಕು ತುಂಬಿರಲಿಲ್ಲ. ತಂದೆ ಬರೆದಿಟ್ಟ ವಸ್ತುವನ್ನು ತೂಗುವ ವಿಧಾನ ಮಗನ ಹೆಸರಿನಲ್ಲಿದೆ.

ದೂರದರ್ಶಕಗಳೂ ಸುಧಾರಿಸಿದವು. ದೇವಯಾನಿಯ ನಡುವೆ ಕೃಷ್ಣವಿವರವಿದೆ ಎಂಬುದಕ್ಕೆ ಬಲವಾದ ಸಾಕ್ಷ್ಯ 1988ರಲ್ಲಿ ನೆಲದ ಮೇಲಿನ ದೂರದರ್ಶಕಗಳಿಂದಲೇ ಒದಗಿತ್ತು. 1990ರಲ್ಲಿ ಕಕ್ಷೆಗೆ ಸೇರಿದ ಹಬಲ್ ದೂರದರ್ಶಕದ ಮುಖ್ಯ ದರ್ಪಣದಲ್ಲಿ ದೋಷವಿದ್ದುದೂ 1993ರ ಡಿಸೆಂಬರಿನಲ್ಲಿ ಅದನ್ನು ಸರಿಪಡಿಸಿದುದೂ ಆ ದಿನಗಳ ಪತ್ರಿಕೆ ಓದಿದವರಿಗೆಲ್ಲ ನೆನಪಿರಬಹುದು. ಸರಿಪಡಿಸಿದ ಮೇಲೆ ಅದರ ಬಿಂಬ ವಿಕಲೆಯ ಹತ್ತನೆಯ ಒಂದು ಪಾಲಿಗೂ ಕಿರಿದಾಯಿತು. 1997ರಲ್ಲಿ ಅಳವಡಿಸಿದ ಹೊಸ ರೋಹಿತಲೇಖಿಯಿಂದ ಹತ್ತಾರು ಗ್ಯಾಲಕ್ಸಿಗಳ ಪ್ರಭಾವವಲಯದೊಳಕ್ಕೆ ಇಣುಕುವುದು ಸಾಧ್ಯವಾಯಿತು. ದೇವಯಾನಿಯ ಕೃಷ್ಣವಿವರ ಸುಮಾರು 14 ಕೋಟಿ ಸೂರ್ಯರಷ್ಟು ಎಂದು 2005ರಲ್ಲಿ ನಿಷ್ಕರ್ಷೆಯಾದದ್ದು ಹಬಲ್ ನೆರವಿನಿಂದ.

ಆದರೆ ಈ ಕಥೆಯ ಅತ್ಯಂತ ಸುಂದರವಾದ ಅಧ್ಯಾಯ ಬರೆದದ್ದು ಬೆಳಕಿನ ದೂರದರ್ಶಕವಲ್ಲ, ರೇಡಿಯೋ ದೂರದರ್ಶಕ. ಸಪ್ತರ್ಷಿಮಂಡಲದ ನೆರೆಯಲ್ಲಿ, ಸುಮಾರು ಎರಡೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ‘ಎನ್‌ಜಿಸಿ 4258’ ಎಂಬ ಸುರುಳಿ ಗ್ಯಾಲಕ್ಸಿ ಇದೆ. ಅದರ ಕೇಂದ್ರದ ಸುತ್ತ ತಟ್ಟೆಯಂತೆ ಹರಡಿದ ಅನಿಲದಲ್ಲಿ ನೀರಾವಿಯ ಅಣುಗಳಿವೆ. ಅವು 1.35 ಸೆಂಟಿಮೀಟರ್ ತರಂಗಾಂತರದಲ್ಲಿ, ಲೇಸರ್ ಕಿರಣದಂತೆಯೇ ತೀವ್ರವಾಗಿ, ರೇಡಿಯೋ ತರಂಗಗಳನ್ನು ಹೊಮ್ಮಿಸುತ್ತವೆ. ಇವುಗಳಿಗೆ ಮೇಸರ್ ಎಂದು ಹೆಸರು. ಗ್ಯಾಲಕ್ಸಿಯ ಒಟ್ಟು ವೇಗಕ್ಕಿಂತ ಸೆಕೆಂಡಿಗೆ ಸುಮಾರು 1,000 ಕಿಲೋಮೀಟರ್ ಹೆಚ್ಚಾಗಿಯೂ ಅಷ್ಟೇ ಕಡಿಮೆಯಾಗಿಯೂ ಚಲಿಸುವ ಮೇಸರುಗಳು ಅಲ್ಲಿವೆಯೆಂದು 1993ರಲ್ಲಿ ಜಪಾನಿನ ನೊಬೆಯಾಮದ ದೂರದರ್ಶಕದಿಂದ ಗೊತ್ತಾಯಿತು. ಬಳಿಕ ಅಮೆರಿಕದ ಉದ್ದಗಲಕ್ಕೆ ಹರಡಿದ ಹತ್ತು ರೇಡಿಯೋ ತಟ್ಟೆಗಳನ್ನು ಒಂದೇ ದೂರದರ್ಶಕದಂತೆ ಜೋಡಿಸಿ ನೋಡಿದಾಗ, ಹಬಲ್‌ಗಿಂತ ನೂರಾರು ಪಟ್ಟು ಸೂಕ್ಷ್ಮವಾಗಿ ಮೇಸರುಗಳ ಸ್ಥಾನ ತಿಳಿಯಿತು. ಮಿಯೋಶಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಆ ನಕ್ಷೆಯಲ್ಲಿ ಮೇಸರುಗಳು ಒಂದು ಸಪೂರವಾದ, ತುಸು ಬಾಗಿದ ತಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಕೇಂದ್ರದಿಂದ ದೂರ ಸರಿದಂತೆ ವೇಗವು ದೂರದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತಿತ್ತು. ನಮ್ಮ ಸೌರವ್ಯೂಹದಲ್ಲಿ ಬುಧನಿಂದ ನೆಪ್ಚೂನಿನವರೆಗೆ ಗ್ರಹಗಳ ವೇಗ ಇಳಿಯುವಂತೆಯೇ. ನಿಯಮದಿಂದ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ.

ಲೆಕ್ಕವನ್ನು ಓದುಗರೇ ಹಾಕಿ ನೋಡಬಹುದು. ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ಒಳಗಡೆಯ ಮೇಸರುಗಳ ವೇಗ ಸುಮಾರು 1,080 ಕಿಲೋಮೀಟರ್. ಅಂದರೆ ಭೂಮಿಯ 36 ಪಟ್ಟು. ಕೇಂದ್ರದಿಂದ ಅವುಗಳ ದೂರ ಸುಮಾರು ಅರ್ಧ ಜ್ಯೋತಿರ್ವರ್ಷ; ಅಂದರೆ ಭೂಮಿ–ಸೂರ್ಯರ ಅಂತರದ 31,600 ಪಟ್ಟು. ವೇಗದ ವರ್ಗವನ್ನು ದೂರದಿಂದ ಗುಣಿಸಬೇಕು: 36ರ ವರ್ಗ ಹತ್ತಿರ ಹತ್ತಿರ 1,300, ಅದನ್ನು 31,600ರಿಂದ ಗುಣಿಸಿದರೆ ನಾಲ್ಕು ಕೋಟಿಗೆ ತುಸು ಹೆಚ್ಚು. ನಾಲ್ಕು ಕೋಟಿ ಸೂರ್ಯರು ಅರ್ಧ ಜ್ಯೋತಿರ್ವರ್ಷದೊಳಗೆ! ನಮ್ಮ ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವೇ ನಾಲ್ಕು ಜ್ಯೋತಿರ್ವರ್ಷದ ಆಚೆಗಿದೆ ಎಂಬುದನ್ನು ಇದರೊಡನೆ ಹೋಲಿಸಬೇಕು. ಅದು ಕೃಷ್ಣವಿವರವೇ ಏಕಾಗಬೇಕು, ಆರಿದ ನಕ್ಷತ್ರಗಳ ದಟ್ಟವಾದ ಗುಂಪಾಗಿರಬಾರದೇಕೆ ಎಂಬ ಪ್ರಶ್ನೆಗೆ 1998ರಲ್ಲಿ ಪ್ರಕಟವಾದ ಲೆಕ್ಕವೊಂದು ಉತ್ತರಕೊಟ್ಟಿತು: ಅಷ್ಟು ದಟ್ಟವಾದ ಗುಂಪು ತನ್ನೊಳಗಿನ ಢಿಕ್ಕಿ, ತಳ್ಳಾಟಗಳಿಂದ ಗ್ಯಾಲಕ್ಸಿಯ ವಯಸ್ಸಿಗೆ ಹೋಲಿಸಿದರೆ ಅಲ್ಪವೆನ್ನಬಹುದಾದ ಕಾಲದಲ್ಲಿ ಚದುರಿಯೋ ಕುಸಿದೋ ಹೋಗುತ್ತದೆ.

ಮೇಸರ್ ವಿಧಾನಕ್ಕೆ ಇನ್ನೊಂದು ಹಿರಿಮೆ ಇದೆ. ಉಳಿದ ಬಹುಪಾಲು ವಿಧಾನಗಳಲ್ಲಿ ಗ್ಯಾಲಕ್ಸಿಯ ದೂರವನ್ನು ಬೇರೆಡೆಯಿಂದ ಎರವಲು ತರಬೇಕು. ದೂರದಲ್ಲಿ ಶೇಕಡಾ 10ರ ತಪ್ಪಿದ್ದರೆ ದ್ರವ್ಯರಾಶಿಯಲ್ಲಿಯೂ ಅಷ್ಟೇ ತಪ್ಪು ನುಸುಳುತ್ತದೆ. ಎನ್‌ಜಿಸಿ 4258ರಲ್ಲಿ ಮೇಸರುಗಳ ವೇಗ ವರ್ಷವರ್ಷಕ್ಕೆ ಬದಲಾಗುವುದನ್ನೂ ಅವು ಆಕಾಶದಲ್ಲಿ ಸರಿಯುವುದನ್ನೂ ಅಳೆದು, ಬರಿಯ ರೇಖಾಗಣಿತದಿಂದಲೇ ದೂರವನ್ನೂ ಪಡೆಯಬಹುದಾಯಿತು. ವಿಶ್ವದ ದೂರಮಾಪನಕ್ಕೆ ಈ ಗ್ಯಾಲಕ್ಸಿ ಇಂದು ಒಂದು ಮೈಲಿಗಲ್ಲಾಗಿರುವುದು ಅದರಿಂದ. ಕೊರತೆ ಒಂದೇ: ತಟ್ಟೆಯ ಅಂಚು ನಮ್ಮ ಕಡೆಗೆ ತಿರುಗಿರಬೇಕು, ನೀರಾವಿಯೂ ಇರಬೇಕು. ಅಂಥ ಅದೃಷ್ಟ ಎಲ್ಲ ಗ್ಯಾಲಕ್ಸಿಗಳಿಗೂ ಇಲ್ಲ.

ಇನ್ನು ಎಂ 87ಕ್ಕೆ ಮರಳಬೇಕು. ಅದರ ದೂರ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ. ಹಬಲ್ 1994ರಲ್ಲಿ ಅದರ ಕೇಂದ್ರದಲ್ಲಿ ಬಿಸಿ ಅನಿಲದ ತಟ್ಟೆಯೊಂದನ್ನು ಕಂಡಿತು. ಒಂದು ಪಕ್ಕದ ಅನಿಲ ನಮ್ಮತ್ತ, ಇನ್ನೊಂದು ಪಕ್ಕದ್ದು ನಮ್ಮಿಂದಾಚೆಗೆ ಚಲಿಸುತ್ತಿತ್ತು. ಅದರಿಂದ ಬಂದ ದ್ರವ್ಯರಾಶಿ 240 ಕೋಟಿ ಸೂರ್ಯರು. 2011ರಲ್ಲಿ ಕಾರ್ಲ್ ಗೆಬ್‌ಹಾರ್ಟ್ ಮತ್ತು ಸಂಗಡಿಗರು ನಕ್ಷತ್ರಗಳ ಚಲನೆಯಿಂದ ಪಡೆದದ್ದು 660 ಕೋಟಿ. 2013ರಲ್ಲಿ ಮತ್ತೆ ಅನಿಲದಿಂದ, ಹೆಚ್ಚು ಎಚ್ಚರದಿಂದ ಅಳೆದಾಗ ಬಂದದ್ದು 350 ಕೋಟಿ. ಒಂದೇ ವಸ್ತು, ಎರಡು ತಕ್ಕಡಿ, ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ. ಇದನ್ನು ಅಲಕ್ಷಿಸುವಂತಿರಲಿಲ್ಲ. ಎಂ 87ರಲ್ಲಿಯೇ ಎರಡು ವಿಧಾನಗಳು ಕೂಡದಿದ್ದರೆ, ಒಂದೊಂದೇ ವಿಧಾನದಿಂದ ತೂಗಿದ ಉಳಿದ ಗ್ಯಾಲಕ್ಸಿಗಳ ಸಂಖ್ಯೆಗಳನ್ನು ನಂಬುವುದು ಹೇಗೆ?

ತೀರ್ಪು ಬಂದದ್ದು ಮೂರನೆಯ ಕಡೆಯಿಂದ. ಆರು ಸ್ಥಳಗಳಲ್ಲಿರುವ ಎಂಟು ರೇಡಿಯೋ ದೂರದರ್ಶಕಗಳನ್ನು ಜೋಡಿಸಿ, 1.3 ಮಿಲಿಮೀಟರ್ ತರಂಗಾಂತರದಲ್ಲಿ, ಭೂಮಿಯಷ್ಟೇ ಅಗಲದ ದೂರದರ್ಶಕದ ಸೂಕ್ಷ್ಮತೆಯನ್ನು ಸಾಧಿಸಿದ ‘ಈವೆಂಟ್ ಹೊರೈಜನ್’ ತಂಡ 2017ರ ಏಪ್ರಿಲ್‌ನಲ್ಲಿ ಎಂ 87ನ್ನು ನೋಡಿತು; 2019ರ ಏಪ್ರಿಲ್ 10ರಂದು ಚಿತ್ರವನ್ನು ಪ್ರಕಟಿಸಿತು. ನಡುವೆ ಕತ್ತಲು, ಸುತ್ತ ಬೆಳಕಿನ ಬಳೆ. ಆ ಚಿತ್ರವನ್ನು ಎಲ್ಲರೂ ಕಂಡಿದ್ದಾರೆ. ಅದೊಂದು ತಕ್ಕಡಿಯೂ ಹೌದು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಕೃಷ್ಣವಿವರದ ನೆರಳಿನ ಅಗಲ ಅದರ ದ್ರವ್ಯರಾಶಿಗೆ ನೇರ ಅನುಪಾತದಲ್ಲಿರುತ್ತದೆ. ಬಳೆಯ ಅಡ್ಡಗಲ ವಿಕಲೆಯ ಹತ್ತು ಲಕ್ಷ ಪಾಲಿನಲ್ಲಿ 42 ಪಾಲು. ದೂರವನ್ನು ಸೇರಿಸಿ ಲೆಕ್ಕಹಾಕಿದರೆ ದ್ರವ್ಯರಾಶಿ 650 ಕೋಟಿ ಸೂರ್ಯರು. ಆ ಕೃಷ್ಣವಿವರದ ಅಂಚು ನಮ್ಮ ಸೂರ್ಯನಿದ್ದಲ್ಲಿಂದ ಹೊರಟರೆ ನೆಪ್ಚೂನಿನ ಕಕ್ಷೆಯ ನಾಲ್ಕು ಪಟ್ಟಿಗೂ ಆಚೆ ತಲಪುತ್ತದೆ. ನಕ್ಷತ್ರಗಳ ಸಾಕ್ಷ್ಯ ಗೆದ್ದಿತು, ಅನಿಲದ ಸಾಕ್ಷ್ಯ ಸೋತಿತು. ಸೋಲಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ: ನಕ್ಷತ್ರ ಗುರುತ್ವಾಕರ್ಷಣಕ್ಕೆ ಮಾತ್ರ ಮಣಿಯುತ್ತದೆ, ಅನಿಲವಾದರೋ ಒತ್ತಡ, ಕಾಂತಕ್ಷೇತ್ರ, ಕೇಂದ್ರದಿಂದ ಬೀಸುವ ಬಿರುಗಾಳಿ ಎಲ್ಲಕ್ಕೂ ಮಣಿಯುತ್ತದೆ, ತಟ್ಟೆಯ ಓರೆ ಎಷ್ಟೆಂಬ ನಿರ್ಣಯದಲ್ಲಿ ಸ್ವಲ್ಪ ತಪ್ಪಿದರೂ ಉತ್ತರ ಬಹಳ ಬದಲಾಗುತ್ತದೆ. ಹಾಗೆಂದು ನಕ್ಷತ್ರಗಳ ಪಕ್ಷದವರು ಬೀಗುವಂತಿಲ್ಲ. ಎಂ 87 ಯಾವ ಅಕ್ಷದ ಸುತ್ತಲೂ ಸಮವಾಗಿಲ್ಲದ, ಮೂರು ದಿಕ್ಕಿನಲ್ಲಿ ಮೂರು ಅಳತೆಯ ಗ್ಯಾಲಕ್ಸಿ ಎಂದು ಗ್ರಹಿಸಿ 2023ರಲ್ಲಿ ಮಾಡಿದ ಲೆಕ್ಕ 540 ಕೋಟಿಯ ಸುತ್ತ ನಿಂತಿದೆ. ತಣ್ಣನೆಯ ಅನಿಲ ಬಿಸಿ ಅನಿಲಕ್ಕಿಂತ ನಂಬಿಗಸ್ತ ಸಾಕ್ಷಿ ಎಂಬುದನ್ನೂ ಸೇರಿಸಬೇಕು. ಚಿಲಿಯ ಆಲ್ಮಾ ದೂರದರ್ಶಕ ಕಾರ್ಬನ್ ಮಾನಾಕ್ಸೈಡಿನ ತಟ್ಟೆಗಳಿಂದ ಒಳ್ಳೆಯ ಅಳತೆಗಳನ್ನು ಕೊಡುತ್ತಿದೆ.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳುವವರಿಗೆ 2000ದಲ್ಲಿ ದೊರೆತ ಒಂದು ಫಲವನ್ನು ತೋರಿಸಬಹುದು. ಲಾರಾ ಫೆರಾರೀಸ್ ಮತ್ತು ಡೇವಿಡ್ ಮೆರಿಟ್ ಒಂದು ಕಡೆ, ಗೆಬ್‌ಹಾರ್ಟ್ ಮತ್ತು ಸಂಗಡಿಗರು ಇನ್ನೊಂದು ಕಡೆ, ಅದುವರೆಗೆ ತೂಗಿದ ಕೃಷ್ಣವಿವರಗಳನ್ನೆಲ್ಲ ಸಾಲಾಗಿಟ್ಟು, ಅವುಗಳ ದ್ರವ್ಯರಾಶಿಗೂ ಗ್ಯಾಲಕ್ಸಿಯ ನಡುವಿನ ಉಬ್ಬಿನಲ್ಲಿರುವ ನಕ್ಷತ್ರಗಳ ಸರಾಸರಿ ಓಡಾಟದ ವೇಗಕ್ಕೂ ಬಿಗಿಯಾದ ಸಂಬಂಧವಿದೆಯೆಂದು ತೋರಿಸಿದರು. ವೇಗ ಎರಡು ಪಟ್ಟಾದರೆ ಕೃಷ್ಣವಿವರ ಹದಿನಾರರಿಂದ ಮೂವತ್ತು ಪಟ್ಟು ಭಾರವಾಗಿರುತ್ತದೆ. ಇದರಲ್ಲಿ ಬೆರಗಾಗುವುದೇನು? ಆ ನಕ್ಷತ್ರಗಳು ಪ್ರಭಾವವಲಯದಿಂದ ಸಾವಿರಾರು ಜ್ಯೋತಿರ್ವರ್ಷ ಆಚೆಗಿವೆ. ಕೃಷ್ಣವಿವರದ ಸೆಳೆತ ಅವನ್ನು ಮುಟ್ಟುವುದೇ ಇಲ್ಲ. ಉಬ್ಬಿನ ಒಟ್ಟು ದ್ರವ್ಯದಲ್ಲಿ ಕೃಷ್ಣವಿವರದ ಪಾಲು ಸಾವಿರಕ್ಕೆ ಒಂದರಿಂದ ಐದರವರೆಗೆ ಮಾತ್ರ. ಆದರೂ ಒಂದರ ಅಳತೆ ಇನ್ನೊಂದಕ್ಕೆ ತಿಳಿದಂತಿದೆ. ಕ್ವೇಸಾರ್ ಆಗಿ ಬೆಳಗಿದ ಕಾಲದಲ್ಲಿ ಕೃಷ್ಣವಿವರ ಹೊರಕ್ಕೆ ತಳ್ಳಿದ ಅನಿಲವೇ ಗ್ಯಾಲಕ್ಸಿಯ ಬೆಳವಣಿಗೆಯನ್ನೂ ತನ್ನ ಬೆಳವಣಿಗೆಯನ್ನೂ ಒಟ್ಟಿಗೆ ನಿಲ್ಲಿಸಿರಬೇಕು ಎಂಬ ವಿವರಣೆಗೆ ಹೆಚ್ಚು ಮನ್ನಣೆಯಿದೆ. ಗ್ಯಾಲಕ್ಸಿಗಳು ಪದೇಪದೇ ಕೂಡಿಕೊಂಡುದರ ಸರಾಸರಿ ಫಲ ಇದು ಎನ್ನುವವರೂ ಇದ್ದಾರೆ.

ಈ ಸಂಬಂಧವನ್ನು ತಿರುಗಿಸಿ, ತೂಗಲಾಗದ ದೂರದ ಗ್ಯಾಲಕ್ಸಿಗಳ ಕೃಷ್ಣವಿವರವನ್ನು ನಕ್ಷತ್ರವೇಗದಿಂದಲೇ ಊಹಿಸುವುದು ಈಗ ರೂಢಿಯಾಗಿದೆ. ಕೇಂದ್ರದ ಬೆಳಕಿನ ಏರಿಳಿತ ಸುತ್ತಲಿನ ಅನಿಲದಲ್ಲಿ ಎಷ್ಟು ದಿನ ತಡವಾಗಿ ಪ್ರತಿಧ್ವನಿಸುತ್ತದೆ ಎಂದು ನೋಡಿ ತೂಗುವ ವಿಧಾನಕ್ಕೂ ಮಾಪಕದ ಗುರುತು ಹಾಕಿಕೊಡುವುದು ಬಹುಮಟ್ಟಿಗೆ ಈ ಸಂಬಂಧವೇ. ಇಲ್ಲಿ ಎಚ್ಚರ ಅಗತ್ಯ. ನೇರವಾಗಿ ತೂಗಲಾದ ಗ್ಯಾಲಕ್ಸಿಗಳು ಇಂದಿಗೂ ನೂರರ ಲೆಕ್ಕದಲ್ಲಿವೆಯೇ ಹೊರತು ಸಾವಿರದ ಲೆಕ್ಕದಲ್ಲಿಲ್ಲ. ಅವೂ ಹತ್ತಿರದವು, ಭಾರವಾದವು. ‘ಎನ್‌ಜಿಸಿ 1277’ ಎಂಬ ಪುಟ್ಟ ಗ್ಯಾಲಕ್ಸಿಯಲ್ಲಿ 1,700 ಕೋಟಿ ಸೂರ್ಯರ ಕೃಷ್ಣವಿವರವಿದೆ ಎಂದು 2012ರಲ್ಲಿ ಪ್ರಕಟವಾದಾಗ ಸಂಬಂಧವೇ ಮುರಿದುಬಿತ್ತೆಂಬ ಗದ್ದಲವೆದ್ದಿತು. ಹೆಚ್ಚು ಸೂಕ್ಷ್ಮವಾಗಿ ನೋಡಿದ 2016ರ ಅಳತೆಯಲ್ಲಿ ಅದು 490 ಕೋಟಿಗೆ ಇಳಿಯಿತು. ಇನ್ನೊಂದು ತುದಿಯಲ್ಲಿ ನಮ್ಮ ನೆರೆಯ ‘ಎಂ 33’ ಇದೆ. ಉಬ್ಬೇ ಇಲ್ಲವೆನ್ನಬಹುದಾದ ಈ ಸುರುಳಿ ಗ್ಯಾಲಕ್ಸಿಯಲ್ಲಿ ಕೃಷ್ಣವಿವರವಿದ್ದರೂ ಅದು ಕೆಲವು ಸಾವಿರ ಸೂರ್ಯರನ್ನು ಮೀರಲಾರದು ಎಂದು 2001ರಲ್ಲಿಯೇ ಎರಡು ತಂಡಗಳು ತೋರಿಸಿದವು. ಪ್ರತಿಯೊಂದು ಗ್ಯಾಲಕ್ಸಿಯ ನಡುವೆಯೂ ದೈತ್ಯ ಕೃಷ್ಣವಿವರವಿದೆ ಎಂದು ಪಠ್ಯಪುಸ್ತಕಗಳಲ್ಲಿ ಬರೆಯುವವರು ಎಂ 33ನ್ನು ಮರೆಯಬಾರದು.

ಈವರೆಗೆ ಹೇಳಿದ ತಕ್ಕಡಿಗಳೆಲ್ಲ ಬೆಳಕಿನ ಅಥವಾ ರೇಡಿಯೋ ತರಂಗದ ನೆರವಿನವು. ಇವುಗಳ ಹಂಗಿಲ್ಲದ ಇನ್ನೊಂದು ತಕ್ಕಡಿಯ ತತ್ತ್ವವನ್ನು ಕಂಡವರು ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಕನ್ನಡ ನಾಡಿನ ಮಕ್ಕಳಿಗೆ ಪರಿಚಿತರಾದವರು. ಕಲಕಿದ ಕೃಷ್ಣವಿವರ ಬಡಿದ ಗಂಟೆಯಂತೆ ಮಿಡಿದು, ಗುರುತ್ವತರಂಗಗಳನ್ನು ಹೊಮ್ಮಿಸಿ, ಕ್ರಮೇಣ ಶಾಂತವಾಗುತ್ತದೆ ಎಂದು ಅವರು 1970ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಆ ಮಿಡಿತದ ಆವೃತ್ತಿ ಆಕಸ್ಮಿಕವಾದದ್ದಲ್ಲ. ದ್ರವ್ಯರಾಶಿ ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕೃಷ್ಣವಿವರಗಳು ಕೂಡಿದ ಗುರುತ್ವತರಂಗವನ್ನು ಮೊದಲ ಬಾರಿಗೆ ಹಿಡಿದಾಗ, ಕೂಡಿ ಉಳಿದ 62 ಸೂರ್ಯರ ಕೃಷ್ಣವಿವರದ ಮಿಡಿತ ಸೆಕೆಂಡಿಗೆ ಸುಮಾರು 250 ಬಾರಿ ಇದ್ದಿತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರ ಅವರು ಆ ಸುದ್ದಿಯನ್ನು ಕೇಳಲು ಬದುಕಿದ್ದರು ಎಂಬುದು ಸಂತೋಷದ ಸಂಗತಿ. ಗ್ಯಾಲಕ್ಸಿಗಳು ಕೂಡಿಕೊಂಡಾಗ ಅವುಗಳ ನಡುವಿನ ದೈತ್ಯಗಳೂ ಹೀಗೆಯೇ ಕೂಡಿ ಮಿಡಿಯುತ್ತವೆ. ಆದರೆ 10 ಲಕ್ಷ ಸೂರ್ಯರ ಕೃಷ್ಣವಿವರ ಮಿಡಿಯುವುದು ನಿಮಿಷಕ್ಕೊಮ್ಮೆ. ನೆಲದ ನಿರಂತರ ನಡುಕದ ನಡುವೆ ಅಷ್ಟು ನಿಧಾನವಾದ ಮಿಡಿತವನ್ನು ಕೇಳಲಾಗದು. ಅದಕ್ಕಾಗಿ ಒಂದಕ್ಕೊಂದು 25 ಲಕ್ಷ ಕಿಲೋಮೀಟರ್ ದೂರದಲ್ಲಿ ತೇಲುವ ಮೂರು ನೌಕೆಗಳ ‘ಲೀಸಾ’ ಯೋಜನೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆ ನೀಡಿದೆ. ಉಡಾವಣೆಯನ್ನು 2035ಕ್ಕೆ ಗೊತ್ತುಮಾಡಲಾಗಿದೆ.